ಮೂಗಿಗೆ ಊದಿದ ಉಸಿರು

ಕೇಳುಗರಿಗೆ ನಮಸ್ಕಾರ.

ನಾನು ನರ್ಸ್. ಈಗ ರಿಟೈರ್ ಆಗಿದ್ದೇನೆ. ಆದರೂ ಬೆಟಗೇರಿಯ ನಮ್ಮ ಓಣಿಯಲ್ಲಿ ಎಲ್ಲರಿಗೂ ಇನ್ನೂ ಸಿಸ್ಟರ್ ಅಕ್ಕನೇ. 32 ವರ್ಷದ ನೌಕರಿಯಲ್ಲಿ ಜಾಸ್ತಿ ಕಾಲ ಹೆರಿಗೆ ವಾರ್ಡಿನಲ್ಲೇ ಕಳೆದೆ. ಶಿಲುಬೆಯ ಮೇಲೆ ಸತ್ತ ಯೇಸು ಎದ್ದು ಬಂದ ಈಸ್ಟರ್ ಹಬ್ಬದ ಬಗ್ಗೆ, ಸತ್ತವರು ಎದ್ದು ಬರುತ್ತಾರೆ ಎಂಬ ನಮ್ಮ ಕ್ರೈಸ್ತರ ನಂಬಿಕೆಯ ಬಗ್ಗೆ ಮಾತಾಡಿ ಎಂದಾಗ ಮೊದಲು ಹಿಂಜರಿದೆ. ಅದನ್ನು ಹೇಳಲಿಕ್ಕೆ ಸಭಾಪಾಲಕರಿದ್ದಾರೆ, ಧರ್ಮಶಾಸ್ತ್ರ ಓದಿದವರಿದ್ದಾರೆ. ನನಗೆ ಗೊತ್ತಿರುವುದು ಉಸಿರು. ಅದು ಶುರುವಾಗುವುದನ್ನು ನೋಡಿದ್ದೇನೆ, ನಿಲ್ಲುವುದನ್ನೂ ನೋಡಿದ್ದೇನೆ. ಅಲ್ಲಿಂದಲೇ ಮಾತು ತೆಗೆಯುತ್ತೇನೆ.

ಒಂದು ರಾತ್ರಿ ರೋಣ ತಾಲೂಕಿನ ಕಡೆಯಿಂದ ಒಬ್ಬ ಹೆಣ್ಣುಮಗಳನ್ನು ಹೆರಿಗೆಗೆ ಕರೆತಂದಿದ್ದರು. ಚೊಚ್ಚಲು. ಬೆಳಗಿನ ಜಾವ ಕೂಸು ಹುಟ್ಟಿತು, ಅಳಲಿಲ್ಲ. ಕೈ ಕಾಲು ಜೋತುಬಿದ್ದಿದ್ದವು. ಹಸಿರು ಬಟ್ಟೆಯಲ್ಲಿ ಒರೆಸಿದೆ, ಬೆನ್ನು ತಿಕ್ಕಿದೆ, ಅಂಗಾಲಿಗೆ ತಟ್ಟಿದೆ. ಏನೂ ಇಲ್ಲ. ಮೂಗು ಬಾಯಿ ಮುಚ್ಚುವಷ್ಟು ಸಣ್ಣ ಮಾಸ್ಕ್ ಇಟ್ಟು, ಒತ್ತಿದರೆ ಗಾಳಿ ಊದುವ ಅಂಬು ಬ್ಯಾಗ್ ಒತ್ತಲು ಶುರು ಮಾಡಿದೆ. ಒತ್ತು, ಎರಡು, ಮೂರು. ಒತ್ತು, ಎರಡು, ಮೂರು. ನಿಮಿಷಕ್ಕೆ 40ರಿಂದ 60 ಸಲ ಹಾಗೆ ಒತ್ತಬೇಕು. ಜೋರಾಗಿ ಒತ್ತುವ ಹಾಗಿಲ್ಲ, ಆ ಪುಪ್ಪುಸ ತಡೆಯುವುದಿಲ್ಲ. ಎದೆ ಇಷ್ಟೇ ಇಷ್ಟು ಏರಬೇಕು, ಇಳಿಯಬೇಕು. ಕಣ್ಣು ಅಲ್ಲೇ ನೆಟ್ಟಿರುತ್ತದೆ.

ಎಷ್ಟು ಹೊತ್ತು ಒತ್ತಿದೆನೋ. ಒಮ್ಮೆ ನಾನು ಒತ್ತದಿದ್ದಾಗಲೂ ಎದೆ ಏರಿತು. ನಾನು ಕೈ ತಡೆದೆ. ಮತ್ತೊಮ್ಮೆ ಏರಿತು. ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ. ಹೊರಗೆ ಬಾಗಿಲಿಗೆ ಆತು ಕೂತಿದ್ದ ಅಜ್ಜಿ ಅಲ್ಲಿಂದಲೇ ಕೂಗಿದಳು: "ಹೋದ ಜೀವ ಬಂದಂಗಾತು ನೋಡವಾ! ದೇವ್ರು ಉಸಿರ ಹಾಕಿದ!"

ಆಕೆ ಕ್ರೈಸ್ತಳಲ್ಲ. ಬೈಬಲ್ ಕೇಳಿದವಳೂ ಅಲ್ಲ. ಆದರೆ ಆಕೆ ಅಂದ ಮಾತು ಬೈಬಲ್ಲಿನ ಮೊದಲನೇ ಪುಸ್ತಕದ ಎರಡನೇ ಅಧ್ಯಾಯದಲ್ಲಿದೆ. ದೇವರು ನೆಲದ ಮಣ್ಣಿನಿಂದ ಮನುಷ್ಯನನ್ನು ಮಾಡಿದ, ಅವನ ಮೂಗಿನಲ್ಲಿ ಜೀವಶ್ವಾಸ ಊದಿದ, ಮನುಷ್ಯ ಬದುಕುವ ಪ್ರಾಣಿಯಾದ ಎಂದಿದೆ. ಚಿಕ್ಕವಳಿದ್ದಾಗ ಸಂಡೇ ಸ್ಕೂಲಿನಲ್ಲಿ ಇದನ್ನು ಸುಮ್ನೆ ಬಾಯಿಪಾಠ ಮಾಡಿದ್ದೆ. ಮೂಗಿಗೆ ಊದುವುದು ಎಂದರೆ ಏನೆಂದು ಆ ರಾತ್ರಿ ಗೊತ್ತಾಯಿತು. ಊದಬೇಕಾದರೆ ಬಗ್ಗಬೇಕು. ಮುಖದ ಹತ್ತಿರ ಮುಖ ತರಬೇಕು.

ಮೊದಲ ಉಸಿರು ಹೇಗೆ ಬರುತ್ತದೆ ಎಂದು ನಮಗೆ ಪಾಠದಲ್ಲಿ ಕಲಿಸಿದ್ದಾರೆ. ಹೊಟ್ಟೆಯಲ್ಲಿರುವಾಗ ಕೂಸಿನ ಪುಪ್ಪುಸದ ತುಂಬ ನೀರಿರುತ್ತದೆ. ಆಮ್ಲಜನಕ ಬರುವುದು ಹೊಕ್ಕುಳಬಳ್ಳಿಯಿಂದ. ಹೊರಗೆ ಬಂದ ಕೂಡಲೇ ಥಂಡಿ ತಗಲುತ್ತದೆ, ಕೂಸು ಬಾಯಿ ತೆರೆಯುತ್ತದೆ, ನೀರಿನ ಜಾಗಕ್ಕೆ ಗಾಳಿ ಹೋಗುತ್ತದೆ. ಹತ್ತರಲ್ಲಿ ಒಂದು ಕೂಸಿಗೆ ಅಷ್ಟಿಷ್ಟು ಸಹಾಯ ಬೇಕಾಗುತ್ತದೆ. ಇದೆಲ್ಲ ತಿಳಿದುಕೊಂಡದ್ದರಿಂದ ನನ್ನ ನಂಬಿಕೆಯೇನೂ ಸವೆಯಲಿಲ್ಲ. ಬ್ಯಾಗ್ ಒತ್ತಿ ಗಾಳಿಯನ್ನು ನಾನು ಒಳಗೆ ಕಳಿಸಬಲ್ಲೆ. ಆದರೆ ಆ ಕೂಸು ತಾನಾಗಿ ಎಳೆದುಕೊಂಡ ಉಸಿರನ್ನು ನಾನು ಕೊಟ್ಟೆ ಅಂತ ಯಾವತ್ತೂ ಅನ್ನಿಸಿಲ್ಲ. ಅದು ನನಗೆ ಕಾಣಿಕೆ ಬಂದ ಹಾಗಿರುತ್ತಿತ್ತು.

ಬೈಬಲ್ಲಿನಲ್ಲಿ ಯೆಹೆಜ್ಕೇಲ ಎಂಬ ಪ್ರವಾದಿ ಕಂಡ ಒಂದು ದರ್ಶನವಿದೆ, 37ನೇ ಅಧ್ಯಾಯ. ಒಂದು ಬಯಲು, ತುಂಬ ಒಣಗಿದ ಎಲುಬುಗಳು. ಪ್ರವಾದಿ ದೇವರ ಮಾತು ಹೇಳುತ್ತಾನೆ. ಎಲುಬಿಗೆ ಎಲುಬು ಕೂಡುತ್ತದೆ. ನರ ಬರುತ್ತದೆ, ಮಾಂಸ ಬರುತ್ತದೆ, ಮೇಲೆ ಚರ್ಮ ಮುಚ್ಚುತ್ತದೆ. ಎಲ್ಲ ಆದರೂ ಅವುಗಳಲ್ಲಿ ಉಸಿರಿರಲಿಲ್ಲ. ಈ ಮಾತು ಓದಿದಾಗೆಲ್ಲ ನನಗೆ ಹೆರಿಗೆ ಮೇಜು ಕಣ್ಣಿಗೆ ಕಟ್ಟುತ್ತದೆ. ಉಗುರು ಮೂಡಿದ್ದ, ಹುಬ್ಬು ಮೂಡಿದ್ದ, ಒಂದು ಕುಂದಿಲ್ಲದ ಕೂಸುಗಳನ್ನು ಹಾಗೆ ಉಸಿರಿಲ್ಲದೆ ನನ್ನ ಕೈಯಲ್ಲಿ ಹಿಡಿದಿದ್ದೇನೆ. ಆಮೇಲೆ ಪ್ರವಾದಿ ನಾಲ್ಕು ದಿಕ್ಕಿನಿಂದ ಉಸಿರನ್ನು ಕರೆಯುತ್ತಾನೆ. ಅಲ್ಲಿರುವ ಹೀಬ್ರೂ ಮಾತು ರೂಅಹ್. ಗಾಳಿ ಎಂದರೂ ಅದೇ, ಉಸಿರು ಎಂದರೂ ಅದೇ, ದೇವರ ಆತ್ಮ ಎಂದರೂ ಅದೇ. ಕ್ರಿ.ಶ. 381ರಲ್ಲಿ ಸಭೆಯ ಹಿರಿಯರು ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಕೂಡಿ ಒಪ್ಪಿದ ವಿಶ್ವಾಸಪ್ರಮಾಣದಲ್ಲಿ, ಅಂದರೆ ನಾವು ಏನು ನಂಬುತ್ತೇವೆಂದು ಹೇಳುವ ಮಾತುಗಳಲ್ಲಿ, ಪವಿತ್ರಾತ್ಮನನ್ನು ಜೀವದಾತ ಎಂದೇ ಕರೆದರು.

ಬ್ಯಾಗ್ ಒತ್ತಿದ ಕೂಸುಗಳೆಲ್ಲ ಅಳಲಿಲ್ಲ. ಇದನ್ನು ಹೇಳದೆ ಮುಂದೆ ಹೋದರೆ ನಾನು ಪ್ರಾಮಾಣಿಕಳಾಗಿ ಮಾತಾಡಿದ ಹಾಗಾಗುವುದಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ರೂಢಿಯಿತ್ತು. ಹೋದ ಕೂಸನ್ನು ತಾಯಿಗೆ ತೋರಿಸುತ್ತಿರಲಿಲ್ಲ. ನೋಡಿದರೆ ಮರೆಯುವುದು ಕಷ್ಟ ಎನ್ನುತ್ತಿದ್ದರು. ಬಟ್ಟೆಯಲ್ಲಿ ಸುತ್ತಿ ಗಂಡಸರ ಕೈಗೆ ಕೊಟ್ಟುಬಿಡುತ್ತಿದ್ದರು. ನಾನೂ ಹಾಗೇ ಕೊಟ್ಟಿದ್ದೇನೆ, ಎಷ್ಟೋ ಸಲ. ಒಬ್ಬ ತಾಯಿ ಮಾತ್ರ ನನ್ನ ಸೀರೆ ಸೆರಗು ಹಿಡಿದು, "ಯಕ್ಕಾ, ಮಾರಿ ಹೆಂಗಿತ್ತು ಅಷ್ಟರ ಹೇಳು" ಅಂದಳು. ನಾನು ಆ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಅಂದಿನಿಂದ ನನ್ನ ಪಾಳಿಯಲ್ಲಿ ಹೋದ ಕೂಸನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒಗೆದ ಬಟ್ಟೆ ಸುತ್ತಿ, ತಾಯಿ ಬೇಡ ಎನ್ನದಿದ್ದರೆ ಆಕೆಯ ಉಡಿಯಲ್ಲಿ ಇಡುತ್ತಿದ್ದೆ. ಚರ್ಚಿನಲ್ಲಿ ಭಾನುವಾರ ನಿಂತು ದೇಹ ಎದ್ದು ಬರುತ್ತದೆಂದು ನಂಬುತ್ತೇನೆ ಎಂದು ಹೇಳುವವಳು ನಾನು. ಆ ದೇಹವನ್ನು ಲಗುಬಗೆಯಿಂದ ಸುತ್ತಿ ಕಳಿಸಿದರೆ ಹೇಗೆ?

ಅಂಥ ತಾಯಂದಿರಿಗೆ ಅಳಬೇಡ ಎಂದು ನಾನು ಹೇಳುವುದಿಲ್ಲ. ಯೇಸುವಿನ ಗೆಳೆಯ, ಬೇಥಾನ್ಯ ಊರಿನ ಲಾಜರ ಸತ್ತು ನಾಲ್ಕು ದಿನವಾದ ಮೇಲೆ ಯೇಸು ಬಂದ. ಅಕ್ಕ ಮಾರ್ಥಾ ಎದುರಿಗೆ ಹೋಗಿ, ನೀನು ಇಲ್ಲೇ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ಮುಖಕ್ಕೇ ಅಂದಳು. ಆಗಲೇ ಅವನು ಆಕೆಗೆ, "ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ" ಎಂದದ್ದು. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸುತ್ತೇನೆಂದು ಅವನಿಗೆ ಗೊತ್ತಿತ್ತು. ಆದರೂ ಅತ್ತ. ಸಾವು ಸಣ್ಣ ಮಾತು ಎಂದು ಅವನಿಗೇ ಅನ್ನಿಸಲಿಲ್ಲ.

ನಮ್ಮ ಓಣಿಯಲ್ಲಿ ನೇಕಾರರ ಮನೆಗಳು ಬಹಳ. ಪಕ್ಕದ ಮನೆಯ ದೊಡ್ಡವ್ವ ಒಂದು ಸಂಜೆ ಮಗ್ಗದ ಸಪ್ಪಳ ನಿಂತ ಮೇಲೆ ಕಟ್ಟೆಗೆ ಬಂದು ಕೂತು ಕೇಳಿದಳು: "ನಿಮ್ಮೊಳಗೂ ಸತ್ತವರು ಮತ್ತ ಹುಟ್ಟಿ ಬರ್ತಾರಂತಲ್ಲ, ನಾವಂದಂಗ?" ನಾನು ಸ್ವಲ್ಪ ಯೋಚಿಸಬೇಕಾಯಿತು. ಪುನರ್ಜನ್ಮ, ಪುನರುತ್ಥಾನ. ಎರಡೂ ಮಾತು ಅಕ್ಕಪಕ್ಕದ ಮನೆಯವರ ಹಾಗೆ ಕಾಣುತ್ತವೆ ಅಲ್ವಾ? ಉತ್ಥಾನ ಎಂದರೆ ಏಳುವುದು. ಕಾರ್ತಿಕದಲ್ಲಿ ತುಳಸಿ ಲಗ್ನದ ದಿನವನ್ನು ಉತ್ಥಾನ ದ್ವಾದಶಿ ಎನ್ನುತ್ತೇವಲ್ಲ, ಅದೇ ಉತ್ಥಾನ. "ದೊಡ್ಡವ್ವಾ, ನಮ್ಮೊಳಗ ಬ್ಯಾರೆ ಹೊಟ್ಟ್ಯಾಗ ಹುಟ್ಟಿ ಬರೂದಿಲ್ಲ. ಮಲಗಿದವರ ಎದ್ದ ಬರ್ತಾರ. ನಿನ್ನ ಹೆಸರ ನಿನಗ, ನನ್ನ ಹೆಸರ ನನಗ" ಎಂದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ಗುರ್ತ ಸಿಗತೈತಿ" ಅಂದಳು. ಹೋದ ವರ್ಷವಷ್ಟೇ ಆಕೆಯ ಮಗ ತೀರಿಕೊಂಡಿದ್ದ.

ಗುರುತು ಸಿಗುತ್ತದೆ. ಎದ್ದು ಬಂದ ಯೇಸುವಿನ ಗುರುತು ಅವನ ಶಿಷ್ಯೆ ಮಗ್ದಲದ ಮರಿಯಳಿಗೆ ಭಾನುವಾರ ಬೆಳಿಗ್ಗೆ ಸಮಾಧಿಯ ಹತ್ತಿರ ಮೊದಲು ಸಿಗಲಿಲ್ಲ, ತೋಟಗಾರನಿರಬೇಕು ಎಂದುಕೊಂಡಳು. ಅವನು ಹೆಸರು ಹಿಡಿದು ಕರೆದಾಗ ಸಿಕ್ಕಿತು. ಶಿಷ್ಯ ತೋಮನಿಗೆ ಗಾಯ ನೋಡಿ ಸಿಕ್ಕಿತು. ನರ್ಸ್ ಆಗಿ ನಾನು ಈ ಗಾಯದ ಹತ್ತಿರ ಬಹಳ ಹೊತ್ತು ನಿಲ್ಲುತ್ತೇನೆ. ಎದ್ದು ಬಂದ ಮೈಯಲ್ಲಿ ಮೊಳೆ ಹೊಡೆದ ಗುರುತು ಹಾಗೇ ಇತ್ತು, ಪಕ್ಕೆಯಲ್ಲಿ ಈಟಿ ತಿವಿದ ಗುರುತು ಇತ್ತು. ಸತ್ತವನನ್ನು ಎಬ್ಬಿಸಿದ ದೇವರಿಗೆ ಕಲೆ ಅಳಿಸುವುದು ಕಷ್ಟವೇ? ಅಳಿಸಲಿಲ್ಲ. ಸಿಜೇರಿಯನ್ ಆದ ತಾಯಂದಿರ ಹೊಲಿಗೆ ಬಿಚ್ಚುವಾಗ ಇದು ನೆನಪಾಗುತ್ತಿತ್ತು. ಈ ಮೈ ಪಟ್ಟ ಪಾಡು ದೇವರಿಗೆ ಲೆಕ್ಕಕ್ಕಿದೆ.

ಇನ್ನೊಂದು, ಊಟ. ಎದ್ದು ಬಂದವನು ಶಿಷ್ಯರನ್ನು ಕೇಳಿದ್ದು, ಇಲ್ಲಿ ತಿನ್ನಲಿಕ್ಕೆ ಏನಾದರೂ ಇದೆಯೇ ಎಂದು. ಸುಟ್ಟ ಮೀನು ಕೊಟ್ಟರು, ಅವರೆದುರಿಗೇ ತಿಂದ. ಮುಂಚೆಯೂ ಹೀಗೇ ಮಾಡಿದ್ದ. ಯಾಯೀರ ಎಂಬವನ 12 ವರ್ಷದ ಮಗಳು ಸತ್ತಾಗ ಕೈಹಿಡಿದು, ಮನೆಮಾತಿನಲ್ಲೇ ತಲಿಥಾ ಕೂಮ್ ಅಂದ. ನಮ್ಮ ಕಡೆ ಹೇಳಬೇಕೆಂದರೆ, "ಏಳವಾ". ಹುಡುಗಿ ಎದ್ದು ಓಡಾಡಿದಳು. ಮನೆಯವರೆಲ್ಲ ದಂಗಾಗಿ ನಿಂತಿದ್ದರೆ, ಅವಳಿಗೆ ತಿನ್ನಲಿಕ್ಕೆ ಏನಾದರೂ ಕೊಡಿ ಎಂದ. ವಾರ್ಡಿನಲ್ಲಿ ಕೆಲಸ ಮಾಡಿದ ಯಾರಿಗಾದರೂ ಈ ಮಾತು ಕೇಳಿದರೆ ಕಣ್ಣು ತುಂಬುತ್ತದೆ. ಎಷ್ಟೋ ದಿನ ಕಣ್ಣು ಬಿಡದ ಪೇಶಂಟ್ ಒಮ್ಮೆ ಗಂಜಿ ಕೇಳಿದರೆ ನಾವು ಅಡುಗೆ ಮನೆಗೆ ಓಡುತ್ತೇವೆ.

ಲಾಜರನೂ ಯಾಯೀರನ ಮಗಳೂ ಆಮೇಲೆ ಒಂದು ದಿನ ಮತ್ತೆ ಸತ್ತರು. ಯೇಸು ಎದ್ದದ್ದು ಹಾಗಲ್ಲ. ಅವನಿಗೆ ಮತ್ತೆ ಸಾವಿಲ್ಲ. ನಮ್ಮ ನಂಬಿಕೆಯೆಲ್ಲ ಇದರ ಮೇಲೆ ನಿಂತಿದೆ. ಕೊರಿಂಥ ಊರಿನ ಸಭೆಯವರಿಗೆ ಬರೆದ ಮೊದಲನೇ ಪತ್ರದ 15ನೇ ಅಧ್ಯಾಯದಲ್ಲಿ, ಯೇಸುವಿನ ಸುದ್ದಿ ಸಾರಿದ ಪೌಲ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಕ್ರಿಸ್ತ ಎದ್ದು ಬಂದಿಲ್ಲವಾದರೆ ನಮ್ಮ ನಂಬಿಕೆ ವ್ಯರ್ಥ ಎನ್ನುತ್ತಾನೆ. ಒಂದೇ ಸಲ 500ಕ್ಕೂ ಜಾಸ್ತಿ ಜನ ಅವನನ್ನು ನೋಡಿದರು, ಅವರಲ್ಲಿ ಬಹಳ ಮಂದಿ ಇನ್ನೂ ಬದುಕಿದ್ದಾರೆ ಎಂದೂ ಬರೆಯುತ್ತಾನೆ. ಬೇಕಾದರೆ ಹೋಗಿ ಕೇಳಿ ಎಂಬ ಹಾಗಿದೆ ಆ ಧಾಟಿ.

ಅದೇ ಅಧ್ಯಾಯದಲ್ಲಿ ಬೀಜದ ಮಾತು ಬರುತ್ತದೆ. ನೀನು ಬಿತ್ತಿದ ಕಾಳು ಸಾಯದ ಹೊರತು ಜೀವ ಪಡೆಯುವುದಿಲ್ಲ ಎನ್ನುತ್ತಾನೆ ಪೌಲ. ಇದನ್ನು ನಮ್ಮ ಅವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ತವರು ಮುಳಗುಂದದ ಕಡೆ, ಎರೆಹೊಲದವರು. ಹಿಂಗಾರಿಗೆ ಬಿತ್ತುವ ಜೋಳ, ಗೋದಿ, ಕಡಲೆಯ ಬೀಜಕ್ಕೆ ಬೂದಿ, ಬೇವಿನ ಎಲೆ ಸೇರಿಸಿ ಗಡಿಗೆಯಲ್ಲಿಟ್ಟು ಬಾಯಿಗೆ ಸಗಣಿ ಮೆತ್ತುತ್ತಿದ್ದಳು. ಮನೆಯಲ್ಲಿ ಹಿಟ್ಟು ಮುಗಿದರೂ ಆ ಗಡಿಗೆಗೆ ಕೈ ಹಾಕುತ್ತಿರಲಿಲ್ಲ. ಒಂದು ಬರಗಾಲದ ವರ್ಷ ನಾವು ಮಕ್ಕಳು ಅತ್ತು ಕೇಳಿದಾಗ, "ಅದು ಮಣ್ಣಿಗಿ ಕೊಟ್ಟ ಮಾತೈತಿ" ಅಂದಿದ್ದಳು.

ನಮ್ಮ ಈ ಭಾಗಕ್ಕೆ ಈ ನಂಬಿಕೆ ತಂದವರು ಜರ್ಮನ್ ಮಾತಾಡುವ ಬಾಸೆಲ್ ಮಿಷನ್ನಿನವರು. 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಮ್ಮ ಬೆಟಗೇರಿಗೆ. ಅವರು ಕಟ್ಟಿದ ಆಸ್ಪತ್ರೆಯನ್ನು ಇಲ್ಲಿಯ ಜನ ಇನ್ನೂ ಜರ್ಮನ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ದೇಹ ಎದ್ದು ಬರುತ್ತದೆಂದು ನಂಬಿದವರು ಆಸ್ಪತ್ರೆ ಕಟ್ಟಿದ್ದು ನನಗೆ ಸಹಜವಾಗಿ ಕಾಣುತ್ತದೆ.

ಅವ್ವ ತೀರಿಕೊಂಡದ್ದು ಮನೆಯಲ್ಲೇ, ಒಂದು ಜನವರಿ ತಿಂಗಳು. ಕೊನೆಯ ರಾತ್ರಿ ನಾನು ಪಕ್ಕದಲ್ಲಿದ್ದೆ. ಉಸಿರು ದೂರ ದೂರ ಬೀಳುತ್ತಿತ್ತು. ರೂಢಿಯ ಮೇಲೆ ಎಣಿಸಿದೆ. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ 10 ಸೆಕೆಂಡು, 15, ಆಮೇಲೆ 20. ಮುಖ ಬಗ್ಗಿಸಿ ಅವಳ ಎದೆಯನ್ನೇ ನೋಡುತ್ತಿದ್ದೆ. ಹೆರಿಗೆ ಮೇಜಿನ ಮುಂದೆ ಎಷ್ಟೋ ಸಲ ಹೀಗೇ ಬಗ್ಗಿ ಕಾದಿದ್ದೆನಲ್ಲ. ಇನ್ನೊಂದು ಉಸಿರಿಗಾಗಿ ಬಹಳ ಹೊತ್ತು ಕಾದೆ. ಬರಲಿಲ್ಲ. ಅದನ್ನು ಊದಿದವನೇ ತಿರುಗಿ ತೆಗೆದುಕೊಂಡ ಎಂದುಕೊಂಡೆ. ಹಾಗೆಂದುಕೊಂಡರೂ ಅಳು ಬಂತು, ಅತ್ತೆ.

ಆ ಏಪ್ರಿಲಿನಲ್ಲಿ ಈಸ್ಟರ್ ಬಂತು. ಬೆಳಕು ಹರಿಯುವ ಮುಂಚೆ ನಾವು ಸಭೆಯವರೆಲ್ಲ ಮೇಣದ ಬತ್ತಿ ಹಿಡಿದು ಸಮಾಧಿಗಳ ಹತ್ತಿರ ಹೋಗಿ ಹಾಡುತ್ತೇವೆ. ಬಿಸಿಲುಗಾಲದ ಎರೆಮಣ್ಣು ನಿಮಗೆ ಗೊತ್ತೇ ಇದೆ. ಕಾಲು ಸಿಕ್ಕಿಬೀಳುವಷ್ಟು ಅಗಲ ಬಿರುಕು ಬಿಟ್ಟಿರುತ್ತದೆ. ಅವ್ವನ ಸಮಾಧಿಯ ಮೇಲೂ ಉದ್ದಕ್ಕೆ ಒಂದು ಬಿರುಕಿತ್ತು. ಮೂಡಣ ಕೆಂಪಾಗುತ್ತಿದ್ದಂತೆ ಸಭಾಪಾಲಕರು, "ಕ್ರಿಸ್ತನು ಎದ್ದಿದ್ದಾನೆ" ಎಂದರು. ನಾವೆಲ್ಲ, "ನಿಜವಾಗಿಯೂ ಎದ್ದಿದ್ದಾನೆ" ಎಂದೆವು. ಹೋದ ಜೀವ ಬಂದಂಗಾತು ಎಂದಿದ್ದಳಲ್ಲ ಆ ರೋಣದ ಅಜ್ಜಿ, ಆ ಮಾತು ನೆನಪಾಯಿತು. ಬಂದಂಗ ಅಲ್ಲ, ಬಂದೇ ಬಿಟ್ಟಿತು ಎಂದು ಹೇಳುವ ಹಬ್ಬ ಇದು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ನಿದ್ದೆಯಿಂದ ಎಬ್ಬಿಸುವುದಕ್ಕೂ ಸಾವಿನಿಂದ ಎಬ್ಬಿಸುವುದಕ್ಕೂ ಒಂದೇ ಮಾತು ಬಳಸಿದ್ದಾರೆ. ಶಾಲೆಗೆ ಹೊತ್ತಾಯಿತೆಂದು ಅವ್ವ ನನ್ನನ್ನು ದಿನಾ ಬೆಳಿಗ್ಗೆ ಎಬ್ಬಿಸುತ್ತಿದ್ದಳು. ಅವಳನ್ನೂ ಒಬ್ಬ ಹೆಸರು ಹಿಡಿದು ಎಬ್ಬಿಸುತ್ತಾನೆ.

ಜೂನಿನಲ್ಲಿ ಮುಂಗಾರಿ ಬಿದ್ದ ಕೂಡಲೇ ಎರೆಮಣ್ಣಿನ ಸಮಾಧಿ ಕುಸಿಯುತ್ತದೆ. ಪ್ರತಿ ವರ್ಷ ಒಂದಷ್ಟು ಇಳಿಯುತ್ತದೆ. ಹೋದ ಮಳೆಗೂ ಒಂದು ಗೇಣು ಇಳಿದಿತ್ತು. ನಾನೂ ನನ್ನ ತಮ್ಮನೂ ಬುಟ್ಟಿಯಲ್ಲಿ ಮಣ್ಣು ಹೊತ್ತು ಹಾಕಿದೆವು. ಕೈ ತೊಳೆದುಕೊಳ್ಳುವಾಗ ಅವನು, "ಅಕ್ಕಾ, ಮ್ಯಾಲ ಚಂದಗೆ ಒಂದ ಕಲ್ಲ ಹಾಸಿಬಿಡೂಣು, ವರ್ಷಾ ಈ ಕೆಲಸ ತಪ್ಪತೈತಿ" ಅಂದ.

"ಇನ್ನೊಂದ ಎರಡ ವರ್ಷ ತಡಿಯೋ" ಅಂದೆ. ಅವಳ ಮೇಲೆ ಅಷ್ಟು ಭಾರ ಇಡಲಿಕ್ಕೆ ನನಗೆ ಮನಸ್ಸು ಬರಲಿಲ್ಲ.

ನಮಸ್ಕಾರ.