ವಿಂಡೋಸ್‌ನಲ್ಲಿ ಪೈಥಾನ್: ಯಾವ ಪೈಥಾನ್, ಯಾವ ಫೋಲ್ಡರ್?

ಕೇಳುಗರೆಲ್ಲರಿಗೂ ನಮಸ್ಕಾರ.

ವಿಂಡೋಸ್ ಕಂಪ್ಯೂಟರ್‌ನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯೋಣ ಅಂತ ಕೂತವರಿಗೆ ಮೊದಲು ಎದುರಾಗುವ ತೊಂದರೆಗಳು ಹೆಚ್ಚಾಗಿ ಪೈಥಾನ್ ಭಾಷೆಯವೇ ಅಲ್ಲ. ಲೂಪ್ ಅರ್ಥವಾಗಲಿಲ್ಲ, ಫಂಕ್ಷನ್ ತಲೆಗೆ ಹೋಗಲಿಲ್ಲ ಅನ್ನುವುದೆಲ್ಲ ಆಮೇಲಿನ ಮಾತು. ಅದಕ್ಕೂ ಮೊದಲೇ, ಒಂದೇ ಒಂದು ಸಾಲು ಓಡುವ ಮೊದಲೇ, ಏನೋ ಅಡ್ಡ ಬರುತ್ತದೆ. "ಇದು ನನ್ನ ಕೈಲಿ ಆಗಲ್ಲ" ಅಂತ ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಯಾಕೆಂದರೆ ಅಲ್ಲಿ ಕಲಿಯುವವರ ತಪ್ಪು ಏನೂ ಇರುವುದಿಲ್ಲ. ವಿಂಡೋಸ್ ಮತ್ತು ಪೈಥಾನ್ ಒಂದಕ್ಕೊಂದು ಸರಿಯಾಗಿ ಕೂಡಿಕೊಂಡಿರುವುದಿಲ್ಲ, ಅಷ್ಟೇ.

ಪೆನ್ನು, ಕಾಗದ ಹತ್ತಿರ ಇಟ್ಟುಕೊಳ್ಳಿ. ಒಂದೆರಡು ಕಮಾಂಡ್‌ಗಳನ್ನು ಅಕ್ಷರ ಬಿಡಿಸಿ ಹೇಳುತ್ತೇನೆ.

ಮೊದಲ ತೊಂದರೆಯಿಂದ ಶುರು ಮಾಡೋಣ. ಕಮಾಂಡ್ ಪ್ರಾಂಪ್ಟ್, ಅಂದರೆ ಕಮಾಂಡ್‌ಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿ, ತೆರೆದು 'ಪೈಥಾನ್' ಅಂತ ಟೈಪ್ ಮಾಡಿ ಎಂಟರ್ ಒತ್ತುತ್ತೀರಿ. ಪೈಥಾನ್ ಬರುವ ಬದಲು ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ. ಇಲ್ಲವೇ 'ಪೈಥಾನ್ ವಾಸ್ ನಾಟ್ ಫೌಂಡ್' ಅನ್ನುವ ಸಾಲು ಬರುತ್ತದೆ. ಪೈಥಾನ್ ಹಾಕಿಕೊಂಡು ಇನ್ನೂ ಐದು ನಿಮಿಷ ಆಗಿಲ್ಲ, ಆದರೂ ಸಿಗಲಿಲ್ಲ ಅನ್ನುತ್ತದೆ! ಆಗಿರುವುದು ಇಷ್ಟು. 2019ರ ಮೇ ತಿಂಗಳ ವಿಂಡೋಸ್ 10 ಅಪ್‌ಡೇಟ್‌ನಿಂದ ಈಚೆಗೆ ವಿಂಡೋಸ್ ತಾನೇ 'ಪೈಥಾನ್' ಎಂಬ ಹೆಸರಿನ ಒಂದು ಪುಟ್ಟ ಶಾರ್ಟ್‌ಕಟ್ ಇಟ್ಟುಕೊಂಡಿದೆ. ಅದು ಪೈಥಾನ್ ಅಲ್ಲ, ಸ್ಟೋರ್‌ಗೆ ಕರೆದುಕೊಂಡು ಹೋಗುವ ದಾರಿ ಮಾತ್ರ. ನಿಮ್ಮ ಅಸಲಿ ಪೈಥಾನ್ ಎಲ್ಲಿದೆ ಅಂತ ವಿಂಡೋಸ್‌ಗೆ ಗೊತ್ತಿಲ್ಲದಿದ್ದರೆ ಆ ಶಾರ್ಟ್‌ಕಟ್ಟೇ ಸಿಗುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ 'ಆಪ್ ಎಕ್ಸಿಕ್ಯೂಷನ್ ಅಲಿಯಾಸ್' ಅಂತ ಹುಡುಕಿ. ಅಲ್ಲಿ ಪೈಥಾನ್ ಮತ್ತು ಪೈಥಾನ್3 ಅಂತ ಎರಡು ಸ್ವಿಚ್ ಇರುತ್ತವೆ. ಎರಡನ್ನೂ ಆಫ್ ಮಾಡಿ.

ಆದರೆ ವಿಂಡೋಸ್‌ಗೆ ಅಸಲಿ ಪೈಥಾನ್ ಗೊತ್ತಾಗುವುದು ಹೇಗೆ? ಇಲ್ಲಿ ಬರುವುದು 'ಪಾತ್' ಎಂಬ ಪಟ್ಟಿ. ನೀವು ಯಾವುದೇ ಕಮಾಂಡ್ ಟೈಪ್ ಮಾಡಿದಾಗ ವಿಂಡೋಸ್ ಈ ಪಟ್ಟಿಯಲ್ಲಿರುವ ಫೋಲ್ಡರ್‌ಗಳನ್ನು ಒಂದೊಂದಾಗಿ, ಬರೆದ ಕ್ರಮದಲ್ಲೇ ನೋಡುತ್ತಾ ಹೋಗುತ್ತದೆ. ಮೊದಲು ಯಾವುದು ಸಿಕ್ಕಿತೋ ಅದನ್ನೇ ಓಡಿಸುತ್ತದೆ. ಪೈಥಾನ್ ಇನ್‌ಸ್ಟಾಲರ್‌ನ ಮೊದಲ ಪರದೆಯ ಕೆಳಗಡೆ, ಪೈಥಾನನ್ನು ಪಾತ್‌ಗೆ ಸೇರಿಸಬೇಕೇ ಅಂತ ಕೇಳುವ ಒಂದು ಚೌಕ ಇರುತ್ತದೆ. ಅದರಲ್ಲಿ ಟಿಕ್ ತಾನಾಗಿ ಬಿದ್ದಿರುವುದಿಲ್ಲ. ನಾವೇ ಹಾಕಬೇಕು. ಇಷ್ಟು ಮುಖ್ಯವಾದ ಚೌಕ ಅಷ್ಟು ಮೂಲೆಯಲ್ಲಿ ಇರಬಾರದಿತ್ತು ಅನ್ನುವುದು ನನ್ನ ಅಭಿಪ್ರಾಯ. ಬಿಟ್ಟುಹೋಗಿದ್ದರೂ ಚಿಂತೆಯಿಲ್ಲ. ಅದೇ ಇನ್‌ಸ್ಟಾಲರ್ ಮತ್ತೆ ಓಡಿಸಿ 'ಮಾಡಿಫೈ' ಒತ್ತಿ. ಆಮೇಲೆ 'ನೆಕ್ಸ್ಟ್' ಒತ್ತಿದಾಗ ಬರುವ ಪರದೆಯಲ್ಲಿ 'ಎನ್ವಿರಾನ್‌ಮೆಂಟ್ ವೇರಿಯಬಲ್ಸ್' ಅಂತ ಇರುವ ಕಡೆ ಟಿಕ್ ಹಾಕಿ. ಆಮೇಲೆ ತೆರೆದಿರುವ ಕಮಾಂಡ್ ಪ್ರಾಂಪ್ಟ್ ಮುಚ್ಚಿ, ಹೊಸದಾಗಿ ತೆರೆಯಿರಿ. ಹಳೆಯ ಕಿಟಕಿಗೆ ಹಳೆಯ ಪಟ್ಟಿಯೇ ಗೊತ್ತಿರುತ್ತದೆ. ಎಲ್ಲ ಸರಿ ಮಾಡಿಯೂ ಕೆಲಸ ಆಗುತ್ತಿಲ್ಲ ಅನ್ನುವವರಲ್ಲಿ ಹಲವರು ಎಡವುವುದು ಇಲ್ಲೇ.

ಇದಕ್ಕಿಂತ ಸುಲಭದ ದಾರಿಯೂ ಇದೆ. ಬರೆದುಕೊಳ್ಳಿ: ಪಿ, ವೈ. ಎರಡೇ ಅಕ್ಷರ. ಇದು ವಿಂಡೋಸ್‌ಗಾಗಿಯೇ ಮಾಡಿದ ಲಾಂಚರ್, ಅಂದರೆ ಪೈಥಾನನ್ನು ಹುಡುಕಿ ಓಡಿಸುವ ಪುಟ್ಟ ಪ್ರೋಗ್ರಾಂ. 2012ರಲ್ಲಿ ಬಂದ ಪೈಥಾನ್ 3.3ರಿಂದ ಇದೆ. ಪಾತ್ ಚೌಕಕ್ಕೆ ಟಿಕ್ ಹಾಕದಿದ್ದರೂ ಸಾಮಾನ್ಯವಾಗಿ ಇದು ಕೆಲಸ ಮಾಡುತ್ತದೆ. ಪಿ ವೈ ಅಂತ ಬರೆದು, ಜಾಗ ಬಿಟ್ಟು, ಎರಡು ಹೈಫನ್, ಆಮೇಲೆ 'ಲಿಸ್ಟ್' ಅಂತ ಹಾಕಿದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಅದಕ್ಕೆ ಕಂಡ ಪೈಥಾನ್‌ಗಳ ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ಒಂದಕ್ಕಿಂತ ಜಾಸ್ತಿ ಹೆಸರು ಕಂಡರೆ ಆಶ್ಚರ್ಯಪಡಬೇಡಿ. ಹಾಗೆ ಕಂಡರೆ, ಮುಂದಿನ ಮಾತು ನಿಮಗೇ.

'ಮಾಡ್ಯೂಲ್ ನಾಟ್ ಫೌಂಡ್ ಎರರ್'. ಈ ಎರರ್ ಕಾಣದೆ ಪೈಥಾನ್ ಕಲಿತವರು ಸಿಗುವುದು ಕಷ್ಟ. ಪ್ಯಾಕೇಜ್, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಇಳಿಸಿಕೊಡುವ ಸಾಧನ ಪಿಪ್. ಅದರಿಂದ ಒಂದು ಪ್ಯಾಕೇಜ್ ಹಾಕಿಕೊಳ್ಳುತ್ತೀರಿ. 'ಸಕ್ಸಸ್‌ಫುಲಿ ಇನ್‌ಸ್ಟಾಲ್ಡ್' ಅಂತಲೂ ಬರುತ್ತದೆ. ಪ್ರೋಗ್ರಾಂ ಓಡಿಸಿದರೆ ಅಂಥ ಮಾಡ್ಯೂಲೇ ಇಲ್ಲ ಅನ್ನುತ್ತದೆ. ಎರಡರಲ್ಲಿ ಯಾವುದೂ ಸುಳ್ಳು ಹೇಳುತ್ತಿಲ್ಲ. ಒಂದೇ ಕಂಪ್ಯೂಟರ್‌ನಲ್ಲಿ ಹಲವು ಪೈಥಾನ್‌ಗಳು ಇರಬಹುದು: ವೆಬ್‌ಸೈಟಿನಿಂದ ಇಳಿಸಿದ ಪೈಥಾನ್ ಒಂದು, ಸ್ಟೋರ್‌ನಿಂದ ಬಂದದ್ದು ಒಂದು, ಪೈಥಾನ್ ಮತ್ತು ಪ್ಯಾಕೇಜ್‌ಗಳನ್ನು ಒಟ್ಟಿಗೆ ಕೊಡುವ ಅನಕೊಂಡಾ ಜೊತೆ ಬಂದದ್ದು ಇನ್ನೊಂದು. ಪ್ರತಿಯೊಂದಕ್ಕೂ ಅದರದ್ದೇ ಪ್ಯಾಕೇಜ್ ಫೋಲ್ಡರ್ ಇದೆ. ಪುಸ್ತಕವನ್ನು ಒಂದು ಕಪಾಟಿನಲ್ಲಿ ಇಟ್ಟು ಇನ್ನೊಂದರಲ್ಲಿ ಹುಡುಕಿದರೆ ಸಿಗುತ್ತದೆಯೇ?

ಹಾಗಾಗಿ ಊಹೆ ಮಾಡುವುದು ಬೇಡ, ಪೈಥಾನನ್ನೇ ಕೇಳಿಬಿಡಿ. ಪ್ರೋಗ್ರಾಂನ ಮೇಲ್ಗಡೆ ಎರಡು ಸಾಲು ಸೇರಿಸಿ. ಮೊದಲನೆಯದು 'ಇಂಪೋರ್ಟ್ ಸಿಸ್'. ಎರಡನೆಯದು 'ಪ್ರಿಂಟ್', ಬ್ರಾಕೆಟ್ ಒಳಗೆ 'ಸಿಸ್ ಡಾಟ್ ಎಕ್ಸಿಕ್ಯೂಟಬಲ್'. ಈ ಪ್ರೋಗ್ರಾಂ ಓಡಿಸುತ್ತಿರುವ ಪೈಥಾನ್ ಯಾವ ಫೋಲ್ಡರ್‌ನಲ್ಲಿದೆ ಅನ್ನುವ ಪೂರ್ತಿ ವಿಳಾಸ ಸಿಗುತ್ತದೆ. ಪ್ಯಾಕೇಜ್ ಹಾಕುವಾಗ ಬರೀ 'ಪಿಪ್ ಇನ್‌ಸ್ಟಾಲ್' ಅನ್ನುವ ಬದಲು, ಆ ವಿಳಾಸ ಬರೆದು, ಜಾಗ ಬಿಟ್ಟು, ಹೈಫನ್ ಎಂ, ಮತ್ತೆ ಜಾಗ ಬಿಟ್ಟು 'ಪಿಪ್ ಇನ್‌ಸ್ಟಾಲ್', ಕೊನೆಗೆ ಪ್ಯಾಕೇಜ್ ಹೆಸರು. ಒಂದೇ ಪೈಥಾನ್ ಇದ್ದರೆ ವಿಳಾಸದ ಬದಲು ಪಿ ವೈ ಸಾಕು. ವಿಎಸ್ ಕೋಡ್ ಎಂಬ ಕೋಡ್ ಎಡಿಟರ್ ಬಳಸುವವರು ಕೆಳಗಿನ ಬಲ ಮೂಲೆ ನೋಡಿ. ಪೈಥಾನ್ ಫೈಲ್ ತೆರೆದಿದ್ದಾಗ ಅಲ್ಲಿ ಪೈಥಾನ್ ಆವೃತ್ತಿಯ ಸಂಖ್ಯೆ ಇರುತ್ತದೆ. ಅದನ್ನು ಒತ್ತಿದರೆ ಬೇರೆ ಪೈಥಾನ್ ಆರಿಸಿಕೊಳ್ಳಬಹುದು.

ಇದರ ಜೊತೆಗೆ ಇನ್ನೆರಡು ಗೊಂದಲಗಳಿವೆ. ಕೆಲವು ಪ್ಯಾಕೇಜ್‌ಗಳಿಗೆ ಹಾಕಿಕೊಳ್ಳುವಾಗ ಒಂದು ಹೆಸರು, ಕರೆಯುವಾಗ ಇನ್ನೊಂದು. ಹಾಕಿಕೊಳ್ಳುವುದು 'ಪಿಲ್ಲೋ', ಇಂಪೋರ್ಟ್ ಮಾಡುವುದು 'ಪಿಐಎಲ್'. ಹಾಕಿಕೊಳ್ಳುವುದು 'ಓಪನ್‌ಸಿವಿ ಹೈಫನ್ ಪೈಥಾನ್', ಇಂಪೋರ್ಟ್ ಮಾಡುವುದು 'ಸಿವಿ2'. ಎರಡನೆಯ ಗೊಂದಲ ನಿಮ್ಮ ಫೈಲಿನ ಹೆಸರಿನದು. ರ್‍ಯಾಂಡಮ್ ಸಂಖ್ಯೆಗಳ ಅಭ್ಯಾಸ ಮಾಡುತ್ತಾ ಫೈಲಿಗೆ 'ರ್‍ಯಾಂಡಮ್ ಡಾಟ್ ಪಿವೈ' ಅಂತಲೇ ಹೆಸರಿಟ್ಟರೆ, ಪೈಥಾನ್ ತನ್ನ ರ್‍ಯಾಂಡಮ್ ಬಿಟ್ಟು ನಿಮ್ಮ ಫೈಲನ್ನೇ ಇಂಪೋರ್ಟ್ ಮಾಡಿಕೊಳ್ಳುತ್ತದೆ. ನಿಮ್ಮದರಲ್ಲಿ ಸಂಖ್ಯೆ ಆರಿಸಿಕೊಡುವ 'ರ್‍ಯಾಂಡ್‌ಇಂಟ್' ಫಂಕ್ಷನ್ ಇಲ್ಲ, ಎರರ್ ಬರುತ್ತದೆ. ಪೈಥಾನ್ 3.13ರಿಂದ ಎರರ್ ಸಂದೇಶದಲ್ಲೇ ಈ ಸುಳಿವು ಸಿಗುತ್ತದೆ. ಒಳ್ಳೆಯ ಬದಲಾವಣೆ. ಫೈಲಿನ ಹೆಸರು ಬದಲಿಸಿದರೆ ಸರಿಹೋಗುತ್ತದೆ.

ಎರರ್ ಓದುವ ಬಗ್ಗೆಯೂ ಒಂದು ಮಾತು. ಕೆಳಗಿನಿಂದ ಮೇಲಕ್ಕೆ ಓದಿ. ಏನಾಯಿತು ಅನ್ನುವುದು ಕಡೆಯ ಸಾಲಿನಲ್ಲಿ ಇರುತ್ತದೆ. ಯಾವ ಫೈಲಿನ ಎಷ್ಟನೇ ಸಾಲು ಅನ್ನುವುದು ಅದರ ಮೇಲೆ.

ಪ್ರೋಗ್ರಾಂ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಕಪ್ಪು ಕಿಟಕಿ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತದೆ ಅಲ್ವಾ? ಪ್ರೋಗ್ರಾಂ ಓಡಿ ಮುಗಿಯಿತು, ಕಿಟಕಿ ಮುಚ್ಚಿತು. ಎರರ್ ಬಂದಿದ್ದರೂ ಓದಲು ಸಿಗುವುದಿಲ್ಲ. ಫೈಲ್ ಇರುವ ಫೋಲ್ಡರ್ ತೆರೆದು, ಮೇಲಿನ ವಿಳಾಸದ ಪಟ್ಟಿಯಲ್ಲಿ ಸಿ, ಎಂ, ಡಿ ಅಂತ ಬರೆದು ಎಂಟರ್ ಒತ್ತಿ. ಅದೇ ಫೋಲ್ಡರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯುತ್ತದೆ. ಅಲ್ಲಿ ಪಿ ವೈ ಬರೆದು ಫೈಲಿನ ಹೆಸರು ಕೊಡಿ. ಫೈಲ್ ಸಿಗುತ್ತಿಲ್ಲ ಅನ್ನುವ ಎಷ್ಟೋ ಎರರ್‌ಗಳೂ ಇದರಿಂದಲೇ ಹೋಗುತ್ತವೆ. ಬರೀ ಹೆಸರು ಕೊಟ್ಟರೆ ಪೈಥಾನ್ ಹುಡುಕುವುದು ಪ್ರೋಗ್ರಾಂ ಇರುವ ಜಾಗದಲ್ಲಿ ಅಲ್ಲ, ನೀವು ನಿಂತಿರುವ ಫೋಲ್ಡರ್‌ನಲ್ಲಿ. ಆಗಲೂ ಸಿಗದಿದ್ದರೆ, ವಿಂಡೋಸ್ ಬಚ್ಚಿಡುವ ಎಕ್ಸ್‌ಟೆನ್ಷನ್‌ಗಳನ್ನು ವ್ಯೂ ಮೆನುವಿನಲ್ಲಿ ಆನ್ ಮಾಡಿ ನೋಡಿ. ನೋಟ್‌ಪ್ಯಾಡ್‌ನಲ್ಲಿ ಉಳಿಸಿದ ಫೈಲಿನ ಬಾಲಕ್ಕೆ ಗೊತ್ತಿಲ್ಲದಂತೆ 'ಡಾಟ್ ಟಿಎಕ್ಸ್‌ಟಿ' ಅಂಟಿಕೊಂಡಿರಬಹುದು.

ಮೂರು ಬಾಣದ ಗುರುತು ಕಾಣುತ್ತಿದ್ದರೆ ನೀವು ಆಗಲೇ ಪೈಥಾನ್ ಒಳಗೆ ಇದ್ದೀರಿ. ಪಿಪ್ ಕಮಾಂಡ್ ಅಲ್ಲಿ ಬರೆದರೆ ಸಿಂಟ್ಯಾಕ್ಸ್ ಎರರ್. 'ಎಕ್ಸಿಟ್' ಬರೆದು, ಖಾಲಿ ಬ್ರಾಕೆಟ್ ಹಾಕಿ ಹೊರಗೆ ಬನ್ನಿ.

ಇನ್ನು ಬ್ಯಾಕ್‌ಸ್ಲ್ಯಾಶ್. ಇದು ವಿಂಡೋಸ್‌ನವರಿಗೆ ಮಾತ್ರ ಬರುವ ಕಾಟ. ವಿಂಡೋಸ್ ಫೋಲ್ಡರ್‌ಗಳ ನಡುವೆ ಬ್ಯಾಕ್‌ಸ್ಲ್ಯಾಶ್ ಹಾಕುತ್ತದೆ. ಪೈಥಾನ್‌ನಲ್ಲಿ ಅದೇ ಗುರುತಿಗೆ ಬೇರೆ ಕೆಲಸ ಇದೆ. ಅದರ ಮುಂದೆ ಎನ್ ಬಂದರೆ ಹೊಸ ಸಾಲು, ಟಿ ಬಂದರೆ ಟ್ಯಾಬ್. 'ಸಿ ಕೋಲನ್ ಬ್ಯಾಕ್‌ಸ್ಲ್ಯಾಶ್ ನ್ಯೂ' ಅಂತ ಬರೆದರೆ ನ್ಯೂ ಪದದ ಎನ್ ಅಲ್ಲೇ ಮಾಯ, ವಿಳಾಸ ಎರಡು ಸಾಲಾಗಿ ಒಡೆಯಿತು. 'ಸಿ ಕೋಲನ್ ಬ್ಯಾಕ್‌ಸ್ಲ್ಯಾಶ್ ಯೂಸರ್ಸ್' ಅಂತೂ ಇನ್ನೂ ಕಷ್ಟ. ಬ್ಯಾಕ್‌ಸ್ಲ್ಯಾಶ್ ಮುಂದೆ ದೊಡ್ಡ ಯು ಕಂಡರೆ ಪೈಥಾನ್ 8 ಅಂಕಿಯ ಯೂನಿಕೋಡ್ ಸಂಖ್ಯೆ ಬರುತ್ತದೆ ಅಂತ ಕಾಯುತ್ತದೆ. ಬಂದದ್ದು 'ಸರ್ಸ್'. ಪ್ರೋಗ್ರಾಂ ಶುರುವಾಗುವುದೇ ಇಲ್ಲ, 'ಯೂನಿಕೋಡ್ ಎರರ್' ಅನ್ನುತ್ತದೆ. ವಿಳಾಸ ಶುರುವಾಗುವ ಉದ್ಧರಣ ಚಿಹ್ನೆಗಿಂತ ಮೊದಲು ಒಂದು ಆರ್ ಅಕ್ಷರ ಹಾಕಿ, ಬ್ಯಾಕ್‌ಸ್ಲ್ಯಾಶ್ ಇದ್ದಹಾಗೇ ಉಳಿಯುತ್ತದೆ. ಅಥವಾ ಎಲ್ಲ ಕಡೆ ಸಾಮಾನ್ಯ ಸ್ಲ್ಯಾಶ್ ಬಳಸಿ. ಪೈಥಾನ್ ಒಳಗೆ ವಿಂಡೋಸ್ ಅದನ್ನೂ ಒಪ್ಪುತ್ತದೆ. ನಾನು ಎರಡನೆಯದನ್ನೇ ಹೇಳಿಕೊಡುವುದು.

ವಿಂಡೋಸ್‌ನ ಇನ್ನೊಂದು ಕಮಾಂಡ್ ಕಿಟಕಿಯಾದ ಪವರ್‌ಶೆಲ್‌ನಲ್ಲಿ ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ಒಂದು ಪ್ರಾಜೆಕ್ಟ್‌ನ ಪ್ಯಾಕೇಜ್‌ಗಳನ್ನು ಬೇರೆಯಾಗಿ ಇಡುವ ಜಾಗ, ಆಕ್ಟಿವೇಟ್ ಮಾಡಲು ಹೋದರೆ, ಸ್ಕ್ರಿಪ್ಟ್‌ಗಳಿಗೆ ಅನುಮತಿ ಇಲ್ಲ ಅಂತ ಬರಬಹುದು. ಅದು ವಿಂಡೋಸ್‌ನ ಭದ್ರತಾ ನಿಯಮ. ಅದನ್ನು ಬದಲಿಸಲು ಮನಸ್ಸಿಲ್ಲದಿದ್ದರೆ ಸುಮ್ನೆ ಕಮಾಂಡ್ ಪ್ರಾಂಪ್ಟ್‌ನಿಂದ ಆಕ್ಟಿವೇಟ್ ಮಾಡಿ. ಅಲ್ಲಿ ಈ ತಡೆ ಇಲ್ಲ.

ಕಡೆಯದಾಗಿ, ಕನ್ನಡದಲ್ಲಿ ಬರೆದ ಫೈಲ್ ಓದಲು, ಉಳಿಸಲು ಹೊರಟವರಿಗೆ. ಪೈಥಾನ್ ಇಷ್ಟು ಕಾಲ ವಿಂಡೋಸ್‌ನಲ್ಲಿ ಫೈಲ್ ತೆರೆಯುವಾಗ ವಿಂಡೋಸ್‌ನ ಹಳೆಯ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಸಂಖ್ಯೆಗಳಾಗಿ ಉಳಿಸುವ ಪದ್ಧತಿ, ಬಳಸುತ್ತಾ ಬಂದಿದೆ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಸಿಪಿ1252. ಅದರಲ್ಲಿರುವುದು 256 ಜಾಗ ಮಾತ್ರ. ಕನ್ನಡದ ಒಂದು ಅಕ್ಷರವೂ ಅಲ್ಲಿಲ್ಲ. ಉಳಿಸಲು ಹೋದರೆ 'ಚಾರ್‌ಮ್ಯಾಪ್' ಅಂತ ಶುರುವಾಗುವ ಎರರ್. ಓದಲು ಹೋದರೆ ಒಂದೋ ಎರರ್, ಇಲ್ಲವೇ ಅರ್ಥವಿಲ್ಲದ ಗುರುತುಗಳ ರಾಶಿ. ಪೈಥಾನ್ 3.15ರಿಂದ, ಕನ್ನಡದ ಅಕ್ಷರಗಳೂ ಇರುವ ಯುಟಿಎಫ್-8 ಎನ್‌ಕೋಡಿಂಗ್ ತಾನಾಗಿಯೇ ಬರುವಂತೆ ತೀರ್ಮಾನವಾಗಿದೆ. ಅದಕ್ಕಿಂತ ಹಿಂದಿನ ಆವೃತ್ತಿ ಇದ್ದರೆ 'ಓಪನ್' ಬರೆದಲ್ಲೆಲ್ಲ, ಬ್ರಾಕೆಟ್ ಮುಚ್ಚುವ ಮೊದಲು, ಕಾಮಾ ಹಾಕಿ 'ಎನ್‌ಕೋಡಿಂಗ್ ಈಕ್ವಲ್ಸ್' ಅಂತ ಬರೆದು, ಉದ್ಧರಣ ಚಿಹ್ನೆಯ ಒಳಗೆ 'ಯುಟಿಎಫ್ ಹೈಫನ್ 8' ಅಂತ ಸೇರಿಸಿ. ಓದುವಾಗಲೂ ಸೇರಿಸಿ, ಬರೆಯುವಾಗಲೂ ಸೇರಿಸಿ.

ನಮಸ್ಕಾರ.