ಓಡುವ ಗಾಡಿಯಲ್ಲಿ ಒಡೆಯುವ ದನಿ

ಕೇಳುಗರಿಗೆ ನಮಸ್ಕಾರ.

ಗಾಡಿ ಕೆಂಪು ದೀಪದ ಮುಂದೆ ನಿಂತಿದೆ. ನಮ್ಮದು ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿಗಳ ರೇಡಿಯೋ. 2 ಮೀಟರ್ ಬ್ಯಾಂಡಿನ ರಿಪೀಟರಿನಲ್ಲಿ (ಒಂದು ರೇಡಿಯೋದ ದನಿ ಹಿಡಿದು ಮತ್ತೆ ದೂರಕ್ಕೆ ಬಿತ್ತರಿಸುವ ಕೇಂದ್ರದಲ್ಲಿ) ಅಲ್ಲಿಯತನಕ ಚೆನ್ನಾಗಿ ಕೇಳುತ್ತಿದ್ದ ದನಿ ನಿಂತಲ್ಲೇ ಕರಗಿ, ಬರೀ ಸುಯ್ ಎನ್ನುವ ಸದ್ದಾಗುತ್ತದೆ. ರೇಡಿಯೋ ಕೆಟ್ಟಿಲ್ಲ, ಕೇಬಲ್ ಕಿತ್ತಿಲ್ಲ, ಆಚೆಯವರು ಮಾತು ನಿಲ್ಲಿಸಿಯೂ ಇಲ್ಲ. ಮುಂದಿನ ಗಾಡಿ ಒಂದಿಷ್ಟು ಸರಿಯಿತು, ಹಿಂದೆಯೇ ನಾವೂ ಅರ್ಧ ಮೀಟರ್ ಸರಿದೆವು. ದನಿ ಮೊದಲಿನಂತೆ ತುಂಬಿಕೊಂಡು ಬಂತು. ಆ ಅರ್ಧ ಮೀಟರಿನಲ್ಲಿ ಏನಾಯಿತು ಎಂಬುದೇ ಇವತ್ತಿನ ಮಾತು.

ಈ ಬ್ಯಾಂಡಿನ 145 ಮೆಗಾಹರ್ಟ್ಸ್ ಆವೃತ್ತಿಯ ಅಲೆಯ ಉದ್ದ ಸುಮಾರು 2.07 ಮೀಟರ್. ರಿಪೀಟರಿನಿಂದ ಹೊರಟ ಅಲೆ ನಮ್ಮ ಆಂಟೆನಾಕ್ಕೆ ಒಂದೇ ದಾರಿಯಲ್ಲಿ ಬರುವುದಿಲ್ಲ. ಒಂದು ಪಾಲು ನೇರವಾಗಿ ಬರುತ್ತದೆ, ಇನ್ನೊಂದು ಹಿಂದಿನ ಗೋಡೆಗೆ ಬಡಿದು ತಿರುಗಿ ಬರುತ್ತದೆ, ಮತ್ತೊಂದು ಪಕ್ಕದ ಲಾರಿಯ ತಗಡಿಗೆ ತಾಗಿ ಬರುತ್ತದೆ. ಒಂದರ ಏರಿನ ಮೇಲೆ ಇನ್ನೊಂದರ ಏರು ಕೂತರೆ ಬಲ ಹೆಚ್ಚುತ್ತದೆ. ಏರಿನ ಮೇಲೆ ಇಳಿತ ಬಿದ್ದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಮುಂದಿನಿಂದ ಒಂದು, ಹಿಂದಿನಿಂದ ಒಂದು ಅಲೆ ಎದುರುಬದುರಾದಾಗ ಸಿಗ್ನಲ್ ಅಳಿದ ಇಂಥ ಗುಂಡಿಗಳು ಅರ್ಧ ಅಲೆಗೊಂದರಂತೆ, ಅಂದರೆ ಹೆಚ್ಚುಕಡಿಮೆ ಮೀಟರಿಗೊಂದರಂತೆ ಬೀಳುತ್ತವೆ. ಗುಂಡಿಯಿಂದ ದಿಬ್ಬಕ್ಕೆ ಕಾಲು ಅಲೆ, 52 ಸೆಂಟಿಮೀಟರ್. ನಿಜವಾದ ರಸ್ತೆಯಲ್ಲಿ ಪ್ರತಿಫಲನ ಹತ್ತು ಕಡೆಯಿಂದ ಬರುವುದರಿಂದ ಗುಂಡಿಗಳು ಇಷ್ಟು ಅಚ್ಚುಕಟ್ಟಾಗಿ ಕೂರುವುದಿಲ್ಲ. ಆದರೂ ಅರ್ಧ ಮೀಟರ್ ಸರಿಯುವ ಉಪಾಯ ಬಹುಪಾಲು ಕೈಕೊಡುವುದಿಲ್ಲ.

ಈಗ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡಲಿ. ಸೆಕೆಂಡಿಗೆ 16-17 ಮೀಟರ್ ಆಯಿತು. ಅಷ್ಟೇ ಗುಂಡಿಗಳನ್ನು ಪ್ರತಿ ಸೆಕೆಂಡೂ ದಾಟುತ್ತೇವೆ. ದನಿ ಪಟಪಟ ಎಂದು ಒಡೆಯುತ್ತದೆ. ಗೂಟದ ಬೇಲಿಗೆ ಕೋಲು ತಾಗಿಸಿಕೊಂಡು ಓಡಿದರೆ ಬರುವ ಸದ್ದಿನಂತೆ ಇರುವುದರಿಂದಲೇ ಹ್ಯಾಮ್‌ಗಳು ಇದನ್ನು ಪಿಕೆಟ್ ಫೆನ್ಸಿಂಗ್ ಎನ್ನುತ್ತಾರೆ. 70 ಸೆಂಟಿಮೀಟರ್ ಬ್ಯಾಂಡಿನಲ್ಲಿ (435 ಮೆಗಾಹರ್ಟ್ಸ್ ಆಸುಪಾಸು) ಅಲೆ ಮೂರು ಪಟ್ಟು ಗಿಡ್ಡ. ಅದೇ ವೇಗದಲ್ಲಿ ಸೆಕೆಂಡಿಗೆ 48ರ ಆಸುಪಾಸು ಗುಂಡಿಗಳು ಸಿಗುತ್ತವೆ. ಅಲ್ಲಿ ಪಟಪಟ ಹೋಗಿ ಗುರುಗುಟ್ಟುವಿಕೆ ಕೇಳುತ್ತದೆ.

ಹೆಚ್ಚಿನವರು ಮೊದಲು ಮಾಡುವ ಕೆಲಸ ಪವರ್ ಏರಿಸುವುದು. ಲೆಕ್ಕ ನೋಡೋಣ. ರಿಪೀಟರ್ ನೇರ ನೋಟಕ್ಕೆ ಸಿಗದೆ, ಬಂದದ್ದೆಲ್ಲ ಪ್ರತಿಫಲನವೇ ಆಗಿರುವ ಕಡೆ, ಸರಾಸರಿಗಿಂತ 10 ಡೆಸಿಬೆಲ್ (ಬಲದ ಅನುಪಾತ ಅಳೆಯುವ ಮಾನ, 10 ಎಂದರೆ ಹತ್ತು ಪಟ್ಟು) ಕೆಳಗಿನ ಜಾಗಗಳು ನೂರಕ್ಕೆ ಸುಮಾರು ಹತ್ತು ಇರುತ್ತವೆ, 20 ಡೆಸಿಬೆಲ್ ಕೆಳಗಿನವು ನೂರಕ್ಕೆ ಒಂದು. 20 ಡೆಸಿಬೆಲ್ ಗುಂಡಿಯನ್ನು ಪವರ್ ಸುರಿದು ತುಂಬಬೇಕಾದರೆ ನೂರು ಪಟ್ಟು ಬೇಕು. 25 ವಾಟ್‌ನಿಂದ 50ಕ್ಕೆ ಹೋದರೆ ಸಿಗುವುದು 3 ಡೆಸಿಬೆಲ್. ದನಿ ಪೂರ್ತಿ ಕಾಣೆಯಾಗುವ ಜಾಗಗಳು ಅದರಿಂದ ಅರ್ಧಕ್ಕೆ ಇಳಿಯುತ್ತವೆ, ನಿಜ. ಆದರೆ ಇಲ್ಲವಾಗುವುದಿಲ್ಲ. ಅದೇ 3 ಡೆಸಿಬೆಲ್ಲನ್ನೂ ಅದಕ್ಕಿಂತ ಹೆಚ್ಚನ್ನೂ ಆಂಟೆನಾ ಸರಿಯಾಗಿ ಕೂರಿಸಿ ಪಡೆಯಬಹುದು. ಕೇಳುವಾಗಲೂ ಅದು ನೆರವಾಗುತ್ತದೆ. ಪವರ್ ಏರಿಸಿದರೆ ನಮ್ಮ ಕಿವಿಗೆ ಏನೂ ಲಾಭವಿಲ್ಲ.

ಇಲ್ಲಿ ಧ್ರುವೀಕರಣದ ಮಾತು ಬರುತ್ತದೆ. ಅಲೆಯ ವಿದ್ಯುತ್ ಕ್ಷೇತ್ರ ಯಾವ ದಿಕ್ಕಿನಲ್ಲಿ ತೂಗುತ್ತದೋ ಅದೇ ಅದರ ಧ್ರುವೀಕರಣ. ನೆಟ್ಟಗೆ ನಿಂತ ಕಡ್ಡಿಯಿಂದ ಲಂಬ ಅಲೆ, ಮಲಗಿದ ಕಡ್ಡಿಯಿಂದ ಅಡ್ಡ ಅಲೆ ಹೊರಡುತ್ತದೆ. ಎಫ್‌ಎಂ ರಿಪೀಟರುಗಳು ಲಂಬವನ್ನು ಹಿಡಿದಿರುವುದಕ್ಕೆ ಕಾರಣ ಗಾಡಿಯೇ. ಮಾಡಿನ ಮೇಲೆ ನೆಟ್ಟ ಕಡ್ಡಿಗೆ ಸುತ್ತಲ ದಿಕ್ಕೆಲ್ಲ ಒಂದೇ, ಗಾಡಿ ಎತ್ತ ತಿರುಗಿದರೂ ಸಿಗ್ನಲ್ ಬದಲಾಗದು. ದೂರದ ಎಸ್‌ಎಸ್‌ಬಿ (ಕಡಿಮೆ ಅಗಲದಲ್ಲಿ ದನಿ ಕಳಿಸುವ ವಿಧಾನ) ಮತ್ತು ಮೋರ್ಸ್ ಕೆಲಸಕ್ಕೆ ಇದೇ ಬ್ಯಾಂಡಿನಲ್ಲಿ ಅಡ್ಡ ಧ್ರುವೀಕರಣದ ರೂಢಿಯಿದೆ. ಅದಕ್ಕೆಂದು ಗಾಡಿಯ ಮೇಲೆ ಹೇಲೋ ಎಂಬ ಬಳೆಯಾಕಾರದ ಆಂಟೆನಾ ಹಾಕುವವರಿದ್ದಾರೆ. ಒಂದರ ಆಂಟೆನಾದಲ್ಲಿ ಇನ್ನೊಂದನ್ನು ಹಿಡಿಯಲು ಹೋದರೆ ನಷ್ಟ. ಎರಡರ ನಡುವಿನ ಕೋನ 45 ಡಿಗ್ರಿ ಆದರೆ 3 ಡೆಸಿಬೆಲ್, 60 ಆದರೆ 6. 90 ಡಿಗ್ರಿಯಲ್ಲಿ ಲೆಕ್ಕದ ಪ್ರಕಾರ ಏನೂ ಬರಬಾರದು, ಬಯಲಿನಲ್ಲಿ 20 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಹೋಗುವುದುಂಟು.

ಕಟ್ಟಡಗಳ ನಡುವೆ ನಿಂತು ಆಂಟೆನಾ ಮಲಗಿಸಿ ಪರೀಕ್ಷೆ ಮಾಡಿದವರು ‘ಏನೂ ವ್ಯತ್ಯಾಸವಿಲ್ಲವಲ್ಲ’ ಎನ್ನುತ್ತಾರೆ. ಅವರು ಕಂಡದ್ದೂ ಸುಳ್ಳಲ್ಲ. ಓರೆ ಛಾವಣಿ, ವಾಲಿದ ತಂತಿ, ಮರದ ಕೊಂಬೆ, ಇವುಗಳಿಗೆ ಬಡಿದ ಅಲೆ ತಿರುಗುವಾಗ ತನ್ನ ಧ್ರುವೀಕರಣವನ್ನೂ ಒಂದಷ್ಟು ಓರೆ ಮಾಡಿಕೊಳ್ಳುತ್ತದೆ. ಲಂಬವಾಗಿ ಹೊರಟದ್ದು ಎಲ್ಲ ಕೋನಗಳಲ್ಲೂ ಚೂರುಚೂರಾಗಿ ಬಂದು ಸೇರುತ್ತದೆ. ಹಾಗಾಗಿ ಮಲಗಿಸಿದ ಆಂಟೆನಾಕ್ಕೂ ಸಿಗ್ನಲ್ ಸಿಕ್ಕೀತು. ಅದನ್ನು ನಂಬಿ ಬಯಲು ಹೆದ್ದಾರಿಗೆ ಹೋದರೆ ಆ 20 ಡೆಸಿಬೆಲ್ ನಷ್ಟ ಪೂರ್ತಿಯಾಗಿ ಎದುರಾಗುತ್ತದೆ. ಇದರಲ್ಲೇ ಒಂದು ಉಪಯೋಗವೂ ಇದೆ. ಲಂಬ ಅಲೆಯ ಗುಂಡಿ ಇದ್ದಲ್ಲೇ ಅಡ್ಡ ಅಲೆಯ ಗುಂಡಿ ಇರಬೇಕೆಂದಿಲ್ಲ. ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೋ) ಹಿಡಿದು ಗುಂಡಿಯಲ್ಲಿ ನಿಂತಾಗ ಅದನ್ನು ನಿಧಾನವಾಗಿ ವಾಲಿಸಿದರೆ ದನಿ ಮರಳುವುದು ಇದರಿಂದಲೇ. ಮೊಬೈಲ್ ಫೋನ್ ಗೋಪುರಗಳಲ್ಲಿ ಒಂದೇ ಪೆಟ್ಟಿಗೆಯೊಳಗೆ ಎಡಕ್ಕೂ ಬಲಕ್ಕೂ 45 ಡಿಗ್ರಿ ವಾಲಿದ ಜೋಡಿ ಆಂಟೆನಾ ಇಡುವುದರ ಹಿಂದಿರುವುದೂ ಇದೇ ತತ್ವ.

ವೇಗದಲ್ಲಿ ಕಡ್ಡಿ ಗಾಳಿಗೆ ಬಾಗುವುದರ ಬಗ್ಗೆ ಚಿಂತೆ ಬೇಡ. 30 ಡಿಗ್ರಿ ಬಾಗಿದರೂ ಧ್ರುವೀಕರಣದ ನಷ್ಟ ಒಂದೂಕಾಲು ಡೆಸಿಬೆಲ್. ಕಡ್ಡಿ ಹಿಂದೆ ಮುಂದೆ ತೂಗಾಡತೊಡಗಿದರೆ ಮಾತ್ರ ಸಿಗ್ನಲ್ ಜೊತೆಗೇ ತೂಗುತ್ತದೆ. ಆಗ ಗಿಡ್ಡ ಅಥವಾ ಗಡಸು ಕಡ್ಡಿ ಒಳ್ಳೆಯದು.

ಇನ್ನು ಜಾಗ. ಕಾಲು ಅಲೆಯ ಕಡ್ಡಿಗೆ ಕೆಳಗಿನ ತಗಡೇ ಇನ್ನರ್ಧ ಆಂಟೆನಾ. ಮಾಡಿನ ನಟ್ಟನಡುವೆ ಇಟ್ಟರೆ ಸುತ್ತ ಅರ್ಧ ಮೀಟರ್ ತಗಡು ಸಿಗುತ್ತದೆ, ಅಲೆ ಎಲ್ಲ ದಿಕ್ಕಿಗೂ ಸಮನಾಗಿ ಹೋಗುತ್ತದೆ. ಡಿಕ್ಕಿಯ ಮೂಲೆಯಲ್ಲಿಟ್ಟರೆ ಗಾಡಿಯ ತಗಡು ಹೆಚ್ಚಿರುವ ಕಡೆಗೇ ಬಲ ವಾಲುತ್ತದೆ. ರಸ್ತೆ ತಿರುಗಿದಂತೆ ಸಿಗ್ನಲ್ ಏರಿಳಿಯುವುದನ್ನು ಪ್ರತಿಫಲನದ ತಪ್ಪೆಂದು ತಿಳಿದು ಮೋಸಹೋಗುತ್ತೇವೆ. ಮ್ಯಾಗ್ನೆಟ್ ಮೌಂಟ್ ಹಾಕುವ ಮುನ್ನ ಬುಡದ ಮಣ್ಣು ಒರೆಸಿ, ಇಲ್ಲದಿದ್ದರೆ ಬಣ್ಣಕ್ಕೆ ಗೀರು ಬೀಳುತ್ತದೆ. ಗಾಜಿನ ಅಥವಾ ಫೈಬರ್ ಮಾಡಿನ ಗಾಡಿಗೆ ಗ್ರೌಂಡ್ ಪ್ಲೇನ್, ಅಂದರೆ ಕೆಳಗಿನ ತಗಡು, ಬೇಡದ ಅರ್ಧ ಅಲೆಯ ಆಂಟೆನಾವೇ ಸರಿ. ಹ್ಯಾಂಡಿಯನ್ನು ಗಾಡಿಯೊಳಗೆ ತೊಡೆಯ ಮೇಲಿಟ್ಟು ಅದರ ಗಿಡ್ಡ ರಬ್ಬರ್ ಆಂಟೆನಾದಲ್ಲಿ ಮಾತಾಡುವುದು ಎಲ್ಲಕ್ಕಿಂತ ಕೆಟ್ಟ ಏರ್ಪಾಟು. ಹೊರಗೆ ಹೋಗುವುದು ಕಿಟಕಿಯಿಂದ ನುಸುಳಿದ್ದಷ್ಟೇ.

145 ಮೆಗಾಹರ್ಟ್ಸ್‌ಗೆ ಕಾಲು ಅಲೆಯ ಕಡ್ಡಿ 49 ಸೆಂಟಿಮೀಟರಿನ ಆಸುಪಾಸು. ಮೊದಲು 52ಕ್ಕೆ ಕತ್ತರಿಸಿ, ಗಾಡಿಯ ಮೇಲೆಯೇ ನಿಲ್ಲಿಸಿ, ಬಾಗಿಲು ಮುಚ್ಚಿ ಎಸ್‌ಡಬ್ಲ್ಯುಆರ್ (ಕಡ್ಡಿ ರೇಡಿಯೋಗೆ ಎಷ್ಟು ಹೊಂದಿದೆ ಎನ್ನುವ ಅಂಕಿ, 1 ಆದರೆ ಪೂರ್ತಿ ಹೊಂದಿಕೆ) ನೋಡಿ. ಒಂದು ಸೆಂಟಿಮೀಟರ್ ಕತ್ತರಿಸಿದರೆ ಅನುರಣನ (ಕಡ್ಡಿ ಹೊಂದುವ ಆವೃತ್ತಿ) ಸುಮಾರು 3 ಮೆಗಾಹರ್ಟ್ಸ್ ಮೇಲಕ್ಕೇರುತ್ತದೆ. ಆದ್ದರಿಂದ ಕೊನೆಯಲ್ಲಿ ಎರಡು ಮೂರು ಮಿಲಿಮೀಟರಿನಷ್ಟೇ ತೆಗೆಯಬೇಕು. ಮೀಟರ್ 1.4 ಅಥವಾ 1.5 ತೋರಿಸಿದರೆ ಅಲ್ಲಿಗೆ ಬಿಡಿ, ಈ ಬಗೆಯ ಕಡ್ಡಿಯ ಸಹಜ ಅಂಕಿಯೇ ಅದು. ಇದೇ ಕಡ್ಡಿ 435 ಮೆಗಾಹರ್ಟ್ಸ್‌ನಲ್ಲಿ ಮುಕ್ಕಾಲು ಅಲೆಯಾಗಿ ಹೊಂದಿಕೊಳ್ಳುತ್ತದೆ, ಮೀಟರೂ ಒಪ್ಪುತ್ತದೆ. ಆದರೆ ಅಲ್ಲಿ ಬಲದ ಹೆಚ್ಚಿನ ಪಾಲು ದಿಗಂತದತ್ತ ಹೋಗದೆ ಮೇಲಕ್ಕೆ ಹೋಗುತ್ತದೆ. ಎಂಟನೇ ಐದು (5/8) ಅಲೆಯ ಉದ್ದ ಕಡ್ಡಿ ಬಯಲಿನಲ್ಲಿ ಚೆನ್ನ. ಬೆಟ್ಟದ ಬುಡದಲ್ಲಿದ್ದು ರಿಪೀಟರ್ ತಲೆಯ ಮೇಲಿರುವಾಗ ಗಿಡ್ಡ ಕಾಲು ಅಲೆಯೇ ಮೇಲಾದೀತು.

ಗುಂಡಿಗಳನ್ನು ರೇಡಿಯೋದ ಹೊಂದಾಣಿಕೆಗಳು ಇನ್ನಷ್ಟು ಕೆಡಿಸಬಲ್ಲವು. ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವ ಸ್ಕ್ವೆಲ್ಚ್ ಬಿಗಿಯಾಗಿದ್ದರೆ ಪ್ರತಿ ಗುಂಡಿಯಲ್ಲೂ ಬಾಗಿಲು ಮುಚ್ಚಿ ತೆರೆದು ಅಕ್ಷರಗಳೇ ನುಂಗಿಹೋಗುತ್ತವೆ. ಗದ್ದಲ ಆಗತಾನೆ ಅಡಗುವ ಮಟ್ಟಕ್ಕೆ ಸಡಿಲಿಸಿ. ಸಿಗ್ನಲ್ ಒಡೆಯುತ್ತಿರುವಾಗ ಪೂರ್ತಿ ತೆರೆದೇ ಬಿಡಿ. ಸುಯ್ ಸದ್ದಿನ ನಡುವಿನಿಂದ ಮಾತು ಹೆಕ್ಕಿಕೊಳ್ಳುವುದರಲ್ಲಿ ನಮ್ಮ ಕಿವಿ ಬಹಳ ಜಾಣ. ಕೇಳುವ ಕಡೆಯ ಟೋನ್ ಸ್ಕ್ವೆಲ್ಚ್ (ಗೊತ್ತುಮಾಡಿದ ಟೋನ್ ಬಂದರಷ್ಟೇ ಬಾಗಿಲು ತೆರೆಯುವ ಏರ್ಪಾಟು) ಇದ್ದರೆ ಅದನ್ನೂ ತೆಗೆಯಿರಿ, ಕಳಿಸುವ ಕಡೆಯ ಟೋನ್ ಮಾತ್ರ ಇರಲಿ. ಟೋನನ್ನು ಗುರುತಿಸಲು ರೇಡಿಯೋಗೆ ಒಂದಿಷ್ಟು ಹೊತ್ತು ಬೇಕು, ಪಟಪಟ ಒಡೆಯುವ ಸಿಗ್ನಲ್ ಅಷ್ಟು ಪುರುಸೊತ್ತು ಕೊಡುವುದಿಲ್ಲ. ಇವೆಲ್ಲ ಗಾಡಿ ಹೊರಡುವ ಮೊದಲೇ ಆಗಬೇಕು, ಓಡಿಸುತ್ತ ಬಟನ್ ಒತ್ತುವ ಕೆಲಸವಲ್ಲ. ಡಿಜಿಟಲ್ ದನಿಯಲ್ಲಿ ಈ ಕಿವಿಯ ಜಾಣತನಕ್ಕೂ ಅವಕಾಶವಿಲ್ಲ. ಬಿಟ್‌ಗಳು ಕಳೆದಲ್ಲಿ ಮಾತು ಗುಳುಗುಳು ಎಂದು ಕಲಸಿಹೋಗುತ್ತದೆ ಇಲ್ಲವೇ ಮೌನವಾಗುತ್ತದೆ.

ನಿಂತು ಮಾತಾಡುವಾಗ ಒಂದು ವಿಷಯ ಗಮನದಲ್ಲಿರಲಿ. ರಿಪೀಟರ್ ಕೇಳುವ ಆವೃತ್ತಿ ಬೇರೆ, ಕಳಿಸುವ ಆವೃತ್ತಿ ಬೇರೆ. 2 ಮೀಟರ್ ಬ್ಯಾಂಡಿನಲ್ಲಿ ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಅಂತರ. ನೇರ ದಾರಿಗೂ ಪ್ರತಿಫಲನದ ದಾರಿಗೂ 250 ಮೀಟರ್ ವ್ಯತ್ಯಾಸವಿದ್ದರೆ ಆ ಅಂತರವೊಂದೇ ದಿಬ್ಬವನ್ನು ಗುಂಡಿಯಾಗಿಸಲು ಸಾಕು. 70 ಸೆಂಟಿಮೀಟರ್ ಬ್ಯಾಂಡಿನಲ್ಲಿ 5 ಮೆಗಾಹರ್ಟ್ಸ್ ಅಂತರವಿರುವ ಕಡೆ 30 ಮೀಟರ್ ವ್ಯತ್ಯಾಸವೇ ಸಾಕಾಗುತ್ತದೆ. ಅಂದರೆ ನಮಗೆ ತುಂಬ ಚೆನ್ನಾಗಿ ಕೇಳುವ ಜಾಗದಿಂದ ನಮ್ಮ ದನಿ ಆಚೆಗೆ ಮುಟ್ಟದೇ ಇರಬಹುದು. ನಮ್ಮ ಎಸ್ ಮೀಟರ್ ತೋರಿಸುವುದು ರಿಪೀಟರಿನ ಬಲವನ್ನು ಮಾತ್ರ. ಆದ್ದರಿಂದ ಮೀಟರ್ ನೋಡಿ ಜಾಗ ಆರಿಸಬೇಡಿ. ನಿಮ್ಮ ಕರೆಸಂಕೇತ ಹೇಳಿ, ದನಿಯ ಹಿಂದೆ ಗದ್ದಲ ಎಷ್ಟಿದೆ ಎಂದು ಆಚೆಯವರನ್ನು ಕೇಳಿ, ಅರ್ಧ ಮೀಟರ್ ಸರಿದು ಮತ್ತೆ ಕೇಳಿ.