ಮೆತ್ತಗಾದ ಖೋ

ಕೇಳುಗರಿಗೆ ನಮಸ್ಕಾರ.

ಹಾಸನ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ಕೆಲಸ ಮಾಡಿದ್ದೇನೆ. ಮಕ್ಕಳ ಬಾಯಲ್ಲಿ ಪಿ.ಟಿ. ಮಿಸ್. ಇವತ್ತು ಹೈಸ್ಕೂಲು ಮಕ್ಕಳ ಮನಸ್ಸಿನ ಆರೋಗ್ಯದ ಬಗ್ಗೆ ಮಾತನಾಡಲು ಬಂದಿದ್ದೇನೆ. ಆಟ ಆಡಿಸುವವಳಿಗೂ ಮನಸ್ಸಿಗೂ ಏನು ಸಂಬಂಧ ಎಂದು ಕೆಲವರಿಗೆ ಅನ್ನಿಸಬಹುದು. ಮೊದಲು ಒಂದು ಸಂಗತಿ ಹೇಳುತ್ತೇನೆ.

ಸಕಲೇಶಪುರದ ಕಡೆಯ ಒಂದು ಶಾಲೆ. ಮಲೆನಾಡಿನ ಮಳೆ ಹೊಳವಾಗಿ, ಮೈದಾನದ ಕೆಸರು ಆಗಷ್ಟೇ ಗಟ್ಟಿಯಾಗಿತ್ತು. ಹತ್ತನೆಯ ತರಗತಿಯ ಹುಡುಗಿಯರಿಗೆ ಖೋ-ಖೋ ಆಡಿಸುತ್ತಿದ್ದೆ. ಎಂಟು ಮಂದಿ ಸಾಲಾಗಿ, ಒಬ್ಬಳು ಆ ಕಡೆ ಒಬ್ಬಳು ಈ ಕಡೆ ಮುಖ ಮಾಡಿ ಕುಕ್ಕರಗಾಲಿನಲ್ಲಿ ಕೂತಿರುತ್ತಾರೆ. ಅಟ್ಟಿಸಿಕೊಂಡು ಹೋಗುವವಳು ಕೂತವಳ ಬೆನ್ನು ಮುಟ್ಟಿ ಗಟ್ಟಿಯಾಗಿ ‘ಖೋ’ ಎನ್ನಬೇಕು. ಎನ್ನದಿದ್ದರೆ ಫೌಲ್. ನಮ್ಮಲ್ಲಿ ಒಬ್ಬಳಿದ್ದಳು; ಅವಳು ಖೋ ಕೊಟ್ಟರೆ ರಸ್ತೆಯಲ್ಲಿ ಹೋಗುವವರೂ ತಿರುಗಿ ನೋಡಬೇಕು, ಅಂಥ ದನಿ. ಆ ದಿನ ಅವಳು ಬೆನ್ನು ಮುಟ್ಟಿದಳು, ದನಿಯೇ ಬರಲಿಲ್ಲ. ಸೀಟಿ ಊದಿದೆ. ಮತ್ತೆ ಮುಟ್ಟಿದಳು, ತುಟಿ ಅಲುಗಿತು ಅಷ್ಟೆ. ಮೂರನೆಯ ಸಲ ಸೀಟಿಯನ್ನು ಬಾಯಿಗಿಟ್ಟವಳು ಊದದೆ ಕೆಳಗಿಳಿಸಿದೆ.

ಬೆಲ್ ಹೊಡೆದ ಮೇಲೆ, ‘ಸುಣ್ಣದ ಬಕೆಟ್ ಹಿಡಿದುಕೊಂಡು ಬಾ, ಗೆರೆ ಅಳಿಸಿದೆ’ ಎಂದು ಕರೆದೆ. ಸ್ಟಾಫ್ ರೂಮಿನಲ್ಲಿ ಎದುರು ನಿಲ್ಲಿಸಿ ಕೇಳಿದ್ದರೆ ‘ಏನಿಲ್ಲ ಮಿಸ್’ ಎಂದುಬಿಡುತ್ತಿದ್ದಳು. ಇಲ್ಲಿ ಇಬ್ಬರೂ ನೆಲ ನೋಡುತ್ತ ನಡೆಯುತ್ತಿದ್ದೆವು. ನಾನು ಸುಣ್ಣದ ಪುಡಿ ಉದುರಿಸುತ್ತಿದ್ದೆ, ಅವಳು ಬಕೆಟ್ ಹಿಡಿದಿದ್ದಳು. ಅರ್ಧ ಗೆರೆ ಮುಗಿಯುವಷ್ಟರಲ್ಲಿ ಹೇಳಿದಳು: ತಿಂಗಳಿಂದ ಸರಿಯಾಗಿ ನಿದ್ದೆಯಿಲ್ಲ, ಓದಿದ್ದು ತಲೆಗೆ ಹತ್ತುತ್ತಿಲ್ಲ. ‘ಫೇಲಾದರೆ ಅಪ್ಪನ ಮುಖ ಹೇಗೆ ನೋಡಲಿ ಮಿಸ್? ಇರುವುದೇ ಬೇಡ ಅನ್ನಿಸುತ್ತದೆ.’

‘ಸಾಯಬೇಕು ಅನ್ನಿಸುತ್ತದೆಯೇನಮ್ಮ?’ ಎಂದು ನೇರವಾಗಿಯೇ ಕೇಳಿದೆ. ಹೌದೆಂದು ತಲೆಯಾಡಿಸಿದಳು. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತುಂಬಿದಂತೆ ಎಂದು ಬಹಳ ಜನ ಹೆದರುತ್ತಾರೆ. ಹಾಗಲ್ಲ. ಕೇಳುವವರು ಸಿಕ್ಕಿದರೆ ಮಗುವಿನ ಎದೆಯ ಭಾರ ಇಳಿಯುತ್ತದೆ. ಆ ಸಂಜೆ ಅವಳನ್ನು ಒಬ್ಬಳೇ ಬಸ್ ಹತ್ತಿಸಲಿಲ್ಲ. ಮನೆಯವರೆಗೂ ಹೋಗಿ ಅಪ್ಪ ಅಮ್ಮನ ಜೊತೆ ಕೂತು ಮಾತನಾಡಿದೆ. ಮಾರನೆಯ ದಿನ ಅವರೇ ಅವಳನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿದರು. ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿದವು, ಆದರೆ ಚೇತರಿಸಿಕೊಂಡಳು.

ತರಗತಿಯಲ್ಲಿ ಅವಳು ಬಗ್ಗಿಸಿದ ತಲೆ ಎತ್ತದೆ ಬರೆಯುತ್ತಿದ್ದ ಜಾಣ ಹುಡುಗಿ. ಯಾರಿಗೂ ಅನುಮಾನವಿರಲಿಲ್ಲ. ಮೈದಾನದಲ್ಲಿ ಅವಳ ದನಿ ಗುಟ್ಟು ಬಿಟ್ಟುಕೊಟ್ಟಿತು. ಪ್ರತಿಭಾ ಕಾರಂಜಿಯ ನಾಟಕದ ತಾಲೀಮು, ಇಕೋ ಕ್ಲಬ್ಬಿನ ಕೈತೋಟ, ಗೋಡೆ ಪತ್ರಿಕೆ, ಸ್ಕೌಟ್ಸ್ ಮತ್ತು ಗೈಡ್ಸ್, ಇವೆಲ್ಲ ಅಂಥ ಜಾಗಗಳೇ. ನಿನ್ನೆಯವರೆಗೆ ಮುಂದೆ ನಿಂತು ಹಾಡುತ್ತಿದ್ದವನು ಹಿಂದಿನ ಸಾಲಿಗೆ ಸರಿದರೆ ಅಲ್ಲಿ ಕಣ್ಣಿಗೆ ಬೀಳುತ್ತದೆ. ಗಣಿತದ ನೋಟ್ಸಿನಲ್ಲಿ ಕಾಣುವುದಿಲ್ಲ.

ಇನ್ನೊಂದನ್ನೂ ಹೇಳಲೇಬೇಕು. ಅದು ನನ್ನ ತಪ್ಪು. ಮತ್ತೊಂದು ಶಾಲೆಯಲ್ಲಿ, ಡಿಸೆಂಬರ್ ಬಂದಾಗ, ಹತ್ತನೆಯ ತರಗತಿಯ ಆಟದ ಪಿರಿಯಡ್‌ಗಳನ್ನೆಲ್ಲ ವಿಶೇಷ ತರಗತಿಗೆ ಬಿಟ್ಟುಕೊಟ್ಟೆ. ಒಂದು ಮಾತೂ ಆಡಲಿಲ್ಲ. ಚೆನ್ನಾಗಿ ಓಡುತ್ತಿದ್ದ ಒಬ್ಬ ಹುಡುಗ ಫೆಬ್ರವರಿಯಲ್ಲಿ ಎರಡು ವಾರ ಶಾಲೆಗೆ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡು ಹಾಜರಿ ಪುಸ್ತಕದಲ್ಲಿ ಗೈರು ಬರೆದೆವು. ಅವನು ಮನೆಯಲ್ಲಿ ಕಂಬಳಿ ಹೊದ್ದು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಎಂಬುದು ತಡವಾಗಿ ತಿಳಿಯಿತು. ವಾರಕ್ಕೆರಡು ದಿನ ನನ್ನ ಕಣ್ಣೆದುರು ಓಡಿದ್ದರೆ ಅವನ ಕಾಲು ಸೋತದ್ದು ಜನವರಿಯಲ್ಲೇ ನನಗೆ ಗೊತ್ತಾಗುತ್ತಿತ್ತು. ಆ ಪಿರಿಯಡ್‌ಗಳಿಗಾಗಿ ನಾನು ಜಗಳವಾಡಬೇಕಿತ್ತು.

2019ರಲ್ಲಿ ನಮ್ಮ ಹಾಸನ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ನಾನೂ ಸಿಹಿ ಹಂಚಿದವಳು, ಈಗಲೂ ಹೆಮ್ಮೆಯಿದೆ. ಆದರೆ ಹದಿಹರೆಯದವರು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆತ್ತೂರು, ಹಾನುಬಾಳು ಕಡೆಯಿಂದ ಬೆಳಗ್ಗೆ ಬಸ್ ಹತ್ತಿ, ಕತ್ತಲಾದ ಮೇಲೆ ಮನೆ ಸೇರುವ ಮಗುವಿಗೆ ಶಾಲೆಯ ಮೈದಾನ ಬಿಟ್ಟರೆ ಆಡಲು ಹೊತ್ತೆಲ್ಲಿದೆ? ಮುಖ್ಯ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ: ಹತ್ತನೆಯ ತರಗತಿಯ ಆಟದ ಪಿರಿಯಡ್ ಅನ್ನು ಮಾರ್ಚ್‌ವರೆಗೂ ಮುಟ್ಟಬೇಡಿ.

ತಂದೆ ತಾಯಂದಿರಿಗೆ ಒಂದೆರಡು ಮಾತು. ಮಗುವಿನ ಊಟ, ನಿದ್ದೆ ಎರಡು ವಾರ ಏರುಪೇರಾಗಿದ್ದರೆ, ಇಷ್ಟದ ಆಟವೇ ಬೇಡವಾಗಿದ್ದರೆ, ‘ಸೋಮಾರಿ’ ಎನ್ನುವ ಮೊದಲು ಪಕ್ಕದಲ್ಲಿ ಕೂತು ಕೇಳಿ. ‘ಇಷ್ಟಕ್ಕೆಲ್ಲ ಅಳುತ್ತಾರೆಯೇ’ ಎನ್ನಬೇಡಿ. 2024ರಿಂದ ಎಸ್ಸೆಸ್ಸೆಲ್ಸಿಯನ್ನು ಅದೇ ವರ್ಷ ಮತ್ತೆ ಬರೆದು, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಇದನ್ನು ಫಲಿತಾಂಶ ಬರುವ ಮೊದಲೇ ಮಗುವಿಗೆ ಹೇಳಿಡಿ. ಸಾವಿನ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಮನೆಯಲ್ಲಿರುವ ಕೀಟನಾಶಕದ ಡಬ್ಬಿಯನ್ನು ಬೀಗ ಹಾಕಿಡಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.

2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಹಗಲು ರಾತ್ರಿ ತೆರೆದಿರುತ್ತದೆ. ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಈಗ ಕೇಳುತ್ತಿರುವ ಮಕ್ಕಳೇ, ನೀವೇ ಮಾಡಬಹುದು, ಯಾರನ್ನೂ ಕೇಳಬೇಕಿಲ್ಲ. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಪೆನ್ನು ಹುಡುಕುತ್ತಿರುವವರಿಗಾಗಿ ಟೆಲಿ ಮಾನಸ್ ಸಂಖ್ಯೆಯನ್ನು ನಿಧಾನವಾಗಿ ಹೇಳುತ್ತೇನೆ: ಒಂದು, ನಾಲ್ಕು, ನಾಲ್ಕು, ಒಂದು, ಆರು. ಇನ್ನೊಮ್ಮೆ: 14416.

ನಮಸ್ಕಾರ.